ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಬಂಡೆಯಲ್ಲ ಯಾಣ

ಸುಗ್ಗಿ ಮುಗಿಯುತ್ತ ಬಂತು. ಶಾಲೆಗಳಲ್ಲಿ ಪ್ರವಾಸದ ಪಟ್ಟಿ ಸಿದ್ಧವಾಗುತ್ತಿದೆ, ಮನೆಮನೆಗಳಲ್ಲಿ ಶಿವರಾತ್ರಿ ಯಾತ್ರೆಯ ಮಾತು ಎದ್ದಿದೆ. ಹಿರೇಕೆರೂರು ಸೀಮೆಯಿಂದ ಹೊರಡುವ ಗಾಡಿಗಳಿಗೆ ಯಾಣ ದಾರಿಯ ಮೇಲಿನ ಒಂದು ನಿಲುಗಡೆ ಆಗಿಬಿಟ್ಟಿದೆ. ಅದನ್ನೇ ಗುರಿ ಮಾಡಿಕೊಂಡು ಹೊರಟರೆ ಕಾಣುವುದೇ ಬೇರೆ!

ಬೆಳಗಿನ ಒಂಬತ್ತು ಗಂಟೆ. ಕಾಡಿನ ಹಾದಿಯಲ್ಲಿ ಎಲೆಗಳ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಗದ್ದಲ ಮಾಡುತ್ತ ಮುಂದೆ ಓಡುತ್ತಿದ್ದ ಶಾಲೆಯ ಹುಡುಗರು ಹಾದಿ ಹೊರಳಿದಲ್ಲಿ ತಟ್ಟನೆ ನಿಂತರು.

ಮರಗಳ ನೆತ್ತಿಯನ್ನೂ ಮೀರಿ ಒಂದು ಕಪ್ಪು ಬಂಡೆ ಎದ್ದಿತ್ತು. ಮೈತುಂಬ ಸೀಳು, ಅಂಚೆಲ್ಲ ಚೂಪು, ತುದಿಯಲ್ಲಿ ಹತ್ತಾರು ಕೋಡು.

‘ಸರ್, ಇದ ಏನ್ರೀ ಯಾಣ?’

‘ಇದು ಮೋಹಿನಿ ಶಿಖರ. ದೊಡ್ಡದು ಇನ್ನೂ ಮುಂದೈತಿ, ನಡೀರಿ’ ಎಂದರು ಮಾಸ್ತರರು.

ಮೋಹಿನಿ ಶಿಖರದ ಎತ್ತರ ಸುಮಾರು 90 ಮೀಟರ್. ಅದರಾಚೆಗಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಅಂದರೆ ನಲವತ್ತು ಅಂತಸ್ತಿನ ಕಟ್ಟಡದಷ್ಟು. ಹುಡುಗರು ಕತ್ತೆತ್ತಿ ನೋಡಿದರು, ಫೋಟೊ ತೆಗೆಸಿಕೊಂಡರು, ಗುಹೆಯ ದೇವರಿಗೆ ಕೈಮುಗಿದರು. ಅಷ್ಟರಲ್ಲಿ ಕೆಳಗಿನಿಂದ ಸೀಟಿ ಕೇಳಿಸಿತು. ಹತ್ತಕ್ಕೆ ಬಸ್ಸು ಗೋಕರ್ಣಕ್ಕೆ ಹೊರಡಬೇಕಿತ್ತು.

ಮಕ್ಕಳ ಬಾಯಲ್ಲಿ ಪ್ರಶ್ನೆ ಆಗತಾನೆ ಹುಟ್ಟುತ್ತಿತ್ತು. ಉತ್ತರ ಹುಡುಕಲು ಪಟ್ಟಿಯಲ್ಲಿ ಜಾಗವಿರಲಿಲ್ಲ.

ಒಂದು ದಿನಕ್ಕೆ ಐದು ಊರು

ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಕಡೆಯ ಪ್ರವಾಸದ ಪಟ್ಟಿಗಳ ಗುಣ ಹೆಚ್ಚುಕಡಿಮೆ ಒಂದೇ. ನಸುಕಿನ ಮೂರಕ್ಕೆ ಹೊರಡುವುದು, ಶಿರಸಿ ಮಾರಿಕಾಂಬೆ, ಯಾಣ, ಗೋಕರ್ಣ, ಮುರುಡೇಶ್ವರ, ಸಮಯ ಉಳಿದರೆ ಇಡಗುಂಜಿ, ಮಧ್ಯರಾತ್ರಿ ಮನೆ.

ದುಡ್ಡಿನ ಲೆಕ್ಕದಲ್ಲಿ ಇದು ಸರಿ. ಒಂದೇ ದಿನದ ಬಾಡಿಗೆ, ವಸತಿಯ ಖರ್ಚಿಲ್ಲ, ಐದು ಊರು ನೋಡಿದಂತಾಯಿತು. ದೂರದ ಲೆಕ್ಕ ಹಾಕಿದರೆ ಮಾತು ಬದಲಾಗುತ್ತದೆ. ಹಿರೇಕೆರೂರಿನಿಂದ ಶಿರಸಿಗೆ ಸುಮಾರು 90 ಕಿ.ಮೀ., ಅಲ್ಲಿಂದ ಯಾಣಕ್ಕೆ ಸುಮಾರು 40 ಕಿ.ಮೀ. ಘಟ್ಟದ ರಸ್ತೆ, ಮಕ್ಕಳು, ನಡುವೆ ಚಹಾ ಎಂದೆಲ್ಲ ಹಿಡಿದರೆ ಹೋಗುವುದಕ್ಕೇ ನಾಲ್ಕು ತಾಸು ಬೇಕು. ನಾಲ್ಕು ತಾಸು ಕುಳಿತು ಬಂದು ಮುಕ್ಕಾಲು ಗಂಟೆ ನಿಂತು ಹೊರಟರೆ, ನೋಡಿದ್ದು ಯಾಣವನ್ನಲ್ಲ, ಬಸ್ಸಿನ ಕಿಟಕಿಯನ್ನು.

ದೇವಸ್ಥಾನ, ಕಡಲತೀರಗಳನ್ನು ಅವಸರದಲ್ಲಿ ನೋಡಿ ಬರಬಹುದು. ಯಾಣದಲ್ಲಿ ಹಾಗಾಗದು. ಸುತ್ತು ಹಾಕಬೇಕು, ಸೀಳಿನೊಳಗೆ ಹೊಕ್ಕು ಹೊರಬರಬೇಕು, ಬಿಸಿಲು ಸರಿದಂತೆ ಬಂಡೆಯ ಮೈ ಬದಲಾಗುವುದನ್ನು ಕಾಯಬೇಕು. ಪಟ್ಟಿಯಿಂದ ಎರಡು ಊರು ತೆಗೆದು ಆ ಹೊತ್ತನ್ನು ಈ ಬಂಡೆಗೆ ಕೊಡಿ ಎಂಬುದೇ ಈ ಲೇಖನದ ಕೋರಿಕೆ.

ಭಸ್ಮಾಸುರನ ಬೂದಿ, ಮಳೆಯ ಉಳಿ

ಯಾಣದ ಕಥೆ ಈ ಭಾಗದ ಮಕ್ಕಳಿಗೆಲ್ಲ ಗೊತ್ತು. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಸುಟ್ಟು ಬೂದಿಯಾಗಲೆಂದು ಭಸ್ಮಾಸುರ ಶಿವನಿಂದ ವರ ಪಡೆದ. ವರ ಕೊಟ್ಟವನ ತಲೆಗೇ ಕೈಯಿಡಲು ಹೊರಟ. ವಿಷ್ಣು ಮೋಹಿನಿಯಾಗಿ ಬಂದು ಕುಣಿದು, ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ. ಆ ಬೆಂಕಿಗೆ ಇಲ್ಲಿನ ಕಲ್ಲು ಕಪ್ಪಾಯಿತು, ಸುತ್ತಲಿನ ಕರಿಮಣ್ಣು ಆ ಅಸುರನ ಬೂದಿ ಎಂಬುದು ನಂಬಿಕೆ. ದೊಡ್ಡ ಶಿಖರ ಶಿವನದು, ಚಿಕ್ಕದು ಮೋಹಿನಿಯದು. ಭೈರವೇಶ್ವರ ಶಿಖರದ ಬುಡದ ಗುಹೆಯಲ್ಲಿ ಸ್ವಯಂಭೂ ಲಿಂಗವಿದೆ. ಮೇಲಿನ ಬಂಡೆಯಿಂದ ಅದರ ಮೇಲೆ ಹನಿಹನಿಯಾಗಿ ನೀರು ಇಳಿಯುತ್ತದೆ.

ಆ ಹನಿ ನೀರಿನಲ್ಲೇ ಭೂವಿಜ್ಞಾನದ ಕಥೆಯೂ ಇದೆ.

ಯಾಣದ ಬಂಡೆ ನಮ್ಮೂರ ಗುಡ್ಡಗಳಲ್ಲಿ ಸಿಗುವ ಕಣಶಿಲೆಯಲ್ಲ, ಹರಳುಗಟ್ಟಿದ ಸುಣ್ಣಶಿಲೆ. ಬಹು ಹಿಂದಿನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಭೂಗರ್ಭದ ಒತ್ತಡಕ್ಕೂ ಕಾವಿಗೂ ಸಿಕ್ಕಿ ಗಟ್ಟಿಯಾಯಿತು, ಮಡಿಚಿತು, ಮೇಲೆದ್ದಿತು. ಆಮೇಲಿನ ಕೆಲಸ ಮಳೆಯದು.

ಬೀಳುವ ಮಳೆಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಲು ಸೌಮ್ಯವಾದ ಆಮ್ಲವಾಗುತ್ತದೆ. ಕಾಡಿನ ಮಣ್ಣಿನಲ್ಲಿ ಕೊಳೆತ ಎಲೆಗಳ ನಡುವೆ ಹಾದು ಬಂದರೆ ಅದರ ಹುಳಿ ಇನ್ನಷ್ಟು ಹೆಚ್ಚುತ್ತದೆ. ಬೇರೆ ಕಲ್ಲಿಗೆ ಅದರಿಂದ ಅಷ್ಟಾಗಿ ಏನೂ ಆಗದು, ಸುಣ್ಣದ ಕಲ್ಲು ಮಾತ್ರ ಕರಗುತ್ತದೆ. ಎಲ್ಲಿ ಬಿರುಕಿತ್ತೋ ಅಲ್ಲಿ ನೀರು ಇಳಿಯಿತು, ಬಿರುಕು ಸೀಳಾಯಿತು, ಸೀಳು ಓಣಿಯಾಯಿತು. ಕರಗಿದ್ದು ಹೊಳೆ ಸೇರಿತು. ಕರಗದೆ ಉಳಿದದ್ದೇ ಇಂದು ನಾವು ಕತ್ತೆತ್ತಿ ನೋಡುವ ಶಿಖರ. ಇಂಥ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ.

ಉಳಿ ಹಿಡಿದದ್ದು ಎಷ್ಟು ದೊಡ್ಡ ಕೈ ಎಂಬುದಕ್ಕೆ ಒಂದು ಲೆಕ್ಕ ಸಾಕು. ಹಾವೇರಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 750ರಿಂದ 800 ಮಿ.ಮೀ. ಕುಮಟಾ ಸೀಮೆಯಲ್ಲಿ 3,000 ಮಿ.ಮೀ. ದಾಟುತ್ತದೆ. ನಮ್ಮ ಹೊಲಕ್ಕೆ ನಾಲ್ಕು ವರ್ಷ ಬೀಳುವ ಮಳೆ ಈ ಬಂಡೆಗಳ ಮೇಲೆ ಒಂದೇ ವರ್ಷಕ್ಕೆ ಸುರಿಯುತ್ತದೆ.

ಹಿರೇಕೆರೂರಿನವರಿಗೆ ಖುಷಿ ಕೊಡುವ ಇನ್ನೊಂದು ಸಂಗತಿಯಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣ ಭಾರತದ ಈ ಪುರಾತನ ಶಿಲಾಸಮೂಹಕ್ಕೆ ‘ಧಾರವಾಡ’ ಎಂದು ಹೆಸರಿಟ್ಟರು. 250 ಕೋಟಿ ವರ್ಷಕ್ಕೂ ಹಳೆಯದಾದ ಈ ಶಿಲೆಗಳನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದಿಗೂ ನಮ್ಮ ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಅದರ ಒಂದು ಭಾಗಕ್ಕೆ ರಾಣೆಬೆನ್ನೂರಿನ ಹೆಸರೂ ಇದೆ. ಹಿರೇಕೆರೂರು, ರಾಣೆಬೆನ್ನೂರು ಸುತ್ತಿನ ಹೊಲಗಳ ಅಡಿಯ ಕಲ್ಲೂ ಯಾಣದ ಕಪ್ಪು ಶಿಖರವೂ ಇದೇ ಮೂಲದ ಕವಲುಗಳು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಹಿರೇಕೆರೂರು ಧಾರವಾಡ ಜಿಲ್ಲೆಯಲ್ಲೇ ಇತ್ತು. ಕಲ್ಲಿನ ಲೆಕ್ಕದಲ್ಲಿ ಅದು ಇಂದಿಗೂ ಧಾರವಾಡದ್ದೇ.

> ಯಾಣ: ಒಂದು ನೋಟ
>
> - ಎಲ್ಲಿದೆ: ಉತ್ತರ ಕನ್ನಡ ಜಿಲ್ಲೆ, ಕುಮಟಾ ತಾಲ್ಲೂಕು, ಸಹ್ಯಾದ್ರಿಯ ದಟ್ಟ ಕಾಡಿನ ನಡುವೆ
> - ಪ್ರಮುಖ ಶಿಖರಗಳು: ಭೈರವೇಶ್ವರ (ಸುಮಾರು 120 ಮೀಟರ್), ಮೋಹಿನಿ (ಸುಮಾರು 90 ಮೀಟರ್)
> - ಹೊಳೆ: ಇಲ್ಲಿ ಹುಟ್ಟುವ ಚಂಡಿ ಹೊಳೆ ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣವಾಯಿತು. ಅದೇ ಪಟ್ಟಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇತ್ತು
> - ಉತ್ಸವ: ಮಹಾಶಿವರಾತ್ರಿ
> - ಸಿನಿಮಾ: ಸುನೀಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ 1990ರ ದಶಕದಲ್ಲಿ ಯಾಣವನ್ನು ನಾಡಿಗೆಲ್ಲ ತೋರಿಸಿತು

ಸೊಕ್ಕೂ ಬೇಡ, ರೊಕ್ಕವೂ ಬೇಡ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಈ ಕಡೆ ಹಳೆಯದು. ಗೋಕರ್ಣಕ್ಕೆ ಹೋಗಲು ಕೈಯಲ್ಲಿ ಕಾಸಿರಬೇಕು, ಯಾಣಕ್ಕೆ ಹೋಗಲು ಮೈಯಲ್ಲಿ ಕಸುವಿರಬೇಕು ಎಂದು ಅರ್ಥ. ರಸ್ತೆಯಿಲ್ಲದ ಕಾಲದಲ್ಲಿ ಕಾಡು, ಹೊಳೆ, ಏರು ದಾಟಿ ದಿನಗಟ್ಟಲೆ ನಡೆದು ಬರಬೇಕಾಗಿದ್ದ ಊರಿದು.

ಈಗ ವಾಹನ ಬಂಡೆಯ ಹತ್ತಿರದವರೆಗೂ ಬರುತ್ತದೆ. ಉಳಿದದ್ದು ಕಾಡಿನೊಳಗಿನ ಒಂದಿಷ್ಟು ನಡಿಗೆ, ಕೊನೆಗೆ ಮೆಟ್ಟಿಲು. ಅಜ್ಜ, ಅಜ್ಜಿಯರೂ ನಿಧಾನವಾಗಿ ಹೋಗಿ ಬರಬಹುದು. ಮಂಡಿನೋವು ಇದ್ದವರಿಗೆ ಮೆಟ್ಟಿಲು ತ್ರಾಸಾಗುತ್ತದೆ, ಅಂಥವರ ಜತೆ ಒಬ್ಬರು ನಿಲ್ಲುವಂತೆ ಮೊದಲೇ ಗೊತ್ತು ಮಾಡಿಕೊಳ್ಳಿ.

ರೊಕ್ಕದ ಮಾತಿಗೆ ಬಂದರೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಿರಸಿಯವರೆಗಿನ ಪ್ರಯಾಣಕ್ಕೆ ಟಿಕೆಟ್ ಖರ್ಚಿಲ್ಲ. ಸ್ವಸಹಾಯ ಸಂಘದ ಅಕ್ಕಂದಿರು ಕೂಡಿಕೊಂಡು ಹೊರಡಲು ಇದೊಂದು ಒಳ್ಳೆಯ ಆಸರೆ. ಶಿರಸಿಯಿಂದ ಮುಂದೆ ಯಾಣದ ಕಡೆ ಬಸ್ಸು ಕಡಿಮೆ. ಹತ್ತು ಹನ್ನೆರಡು ಜನ ಸೇರಿ ಕ್ರೂಸರ್ ಬಾಡಿಗೆ ಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಹಗುರ.

ಯಾವಾಗ ಹೊರಡಬೇಕು?

ನವೆಂಬರ್‌ ನಡುವಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಗೋವಿನಜೋಳ ಮನೆಗೆ ಬಂದಿರುತ್ತದೆ, ಕೈಗೆ ನಾಲ್ಕು ಕಾಸು ಬಂದಿರುತ್ತದೆ, ಘಟ್ಟದಲ್ಲಿ ಮಳೆ ನಿಂತಿರುತ್ತದೆ, ಹೊಳೆಯಲ್ಲಿ ಇನ್ನೂ ನೀರಿರುತ್ತದೆ.

ಮಳೆಗಾಲದಲ್ಲಿ ಯಾಣ ಸುಂದರ, ಸುಲಭವಲ್ಲ. ಮೆಟ್ಟಿಲು ಜಾರುತ್ತದೆ, ಉಂಬಳ ಕಾಲು ಹಿಡಿಯುತ್ತದೆ, ಘಟ್ಟದಲ್ಲಿ ಗುಡ್ಡ ಕುಸಿಯುವ ಭಯವಿರುತ್ತದೆ. ಮಕ್ಕಳನ್ನು ಕರೆದುಕೊಂಡು ಆ ತಿಂಗಳುಗಳಲ್ಲಿ ಹೋಗಬೇಡಿ.

ಶಿವರಾತ್ರಿಗೆ ಹೋಗುವ ಭಕ್ತರು ಹೋಗಲೇಬೇಕು, ಅದು ಆ ಊರಿನ ಹಬ್ಬ. ಬಂಡೆ ನೋಡಬೇಕು, ಮಕ್ಕಳಿಗೆ ತೋರಿಸಬೇಕು ಎನ್ನುವವರು ಆ ಜನಜಂಗುಳಿಯ ದಿನಗಳನ್ನು ಬಿಟ್ಟು ವಾರದ ನಡುವಿನ ದಿನ ಆರಿಸಿಕೊಳ್ಳುವುದು ಮೇಲು. ಇನ್ನೊಂದು ನೆನಪಿರಲಿ: ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ರೂಮು ಸಿಗುವುದು ಕಷ್ಟ.

ದಾರಿಯೇ ಅರ್ಧ ಪಾಠ

ಹಿರೇಕೆರೂರಿನಿಂದ ಶಿರಸಿಗೆ ಎರಡು ದಾರಿ. ಹಾನಗಲ್ಲಿನ ಮೇಲೆ ಹೋದರೆ ತಾರಕೇಶ್ವರ ದೇವಾಲಯದ ಅರಳಿದ ಕಮಲದಂಥ ಭುವನೇಶ್ವರಿ ಛಾವಣಿಯನ್ನು ನೋಡಿಕೊಂಡು ಹೋಗಬಹುದು. ಶಿರಾಳಕೊಪ್ಪ, ಆನವಟ್ಟಿ, ಬನವಾಸಿಯ ಮೇಲೆ ಹೋದರೆ ಕದಂಬರ ರಾಜಧಾನಿಯನ್ನೇ ಹಾದು ಹೋದಂತಾಯಿತು. ದೂರ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಎರಡೂ ದಕ್ಕುತ್ತವೆ.

ಮಕ್ಕಳನ್ನು ಕಿಟಕಿ ಪಕ್ಕ ಕೂಡಿಸಿ, ನೆಲ ಬದಲಾಗುವುದನ್ನು ಬರೆದುಕೊಳ್ಳಲು ಹೇಳಿ. ಹೊರಟಾಗ ಗೋವಿನಜೋಳ, ಹತ್ತಿ. ಶಿರಾಳಕೊಪ್ಪ ದಾಟಿದರೆ ಭತ್ತದ ಗದ್ದೆ, ಅಡಿಕೆ ತೋಟ. ಬನವಾಸಿಯ ಸುತ್ತ ಅನಾನಸಿನ ಹೊಲ. ಶಿರಸಿ ಬಂತೆಂದರೆ ಅಡಿಕೆಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಅಲ್ಲಿಂದ ಮುಂದೆ ಘಟ್ಟದ ಕಾಡು. ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಬಯಲುಸೀಮೆ, ಅರೆಮಲೆನಾಡು, ಮಲೆನಾಡು ಮೂರೂ ಕಣ್ಣೆದುರು ಬಂದು ಹೋಗುತ್ತವೆ.

ಶಿರಸಿ–ಕುಮಟಾ ಹೆದ್ದಾರಿಯಲ್ಲಿ ದೇವಿಮನೆ ಘಟ್ಟ ಸಿಗುತ್ತದೆ. ರಸ್ತೆ ಅಗಲೀಕರಣ ಮತ್ತು ಗುಡ್ಡ ಕುಸಿತದಿಂದ ಇಲ್ಲಿ ಸಂಚಾರ ನಿಲ್ಲಿಸಿದ್ದುಂಟು. ಹಿಂದಿನ ದಿನವೇ ಶಿರಸಿಯಲ್ಲಿ ವಿಚಾರಿಸಿ ದಾರಿ ಗೊತ್ತು ಮಾಡಿಕೊಳ್ಳಿ. ದೊಡ್ಡ ಬಸ್ಸಿನವರು ಇದನ್ನು ಕೇಳದೆ ಹೊರಡಲೇಬಾರದು.

ಡೀಸೆಲ್ಲು, ನಗದು, ಔಷಧಿ ಎಲ್ಲವನ್ನೂ ಶಿರಸಿಯಲ್ಲೇ ಮುಗಿಸಿಕೊಳ್ಳಿ. ಕಾಡಿನಲ್ಲಿ ಫೋನಿನ ಸಿಗ್ನಲ್ ನಂಬಬೇಡಿ. ಊಟದ ಚಿಂತೆಗೆ ನಮ್ಮಲ್ಲಿ ಹಳೆಯ ಮದ್ದಿದೆ: ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಂಡರೆ ಯಾರ ಹಂಗೂ ಇಲ್ಲ. ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಒಯ್ದರೆ ಕಾಡಿನಲ್ಲಿ ಬಿಟ್ಟು ಬರಲು ಕಸವೂ ಇರುವುದಿಲ್ಲ. ಬುತ್ತಿಯನ್ನು ಗಾಡಿಯ ಹತ್ತಿರವೇ ಬಿಚ್ಚಿ, ಬಂಡೆಯ ಬುಡದಲ್ಲಿ ಬೇಡ. ಮಂಗಗಳಿಗೆ ಮನುಷ್ಯರ ಅನ್ನದ ರುಚಿ ಹತ್ತಿಸುವುದು ಅವಕ್ಕೂ ಕೇಡು, ನಮಗೂ ಕೇಡು.

> ಉಣುಗಿನ ಬಗ್ಗೆ ಎಚ್ಚರ
>
> ಪ್ರವಾಸದ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಹರಡುವುದು ಕಾಡಿನ ಉಣುಗುಗಳಿಂದ.
>
> - ಮೈತುಂಬ ಬಟ್ಟೆ ಹಾಕಿ, ಹಾದಿ ಬಿಟ್ಟು ತರಗೆಲೆಯಲ್ಲಿ ಕೂರಬೇಡಿ, ಮಲಗಬೇಡಿ
> - ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ
> - ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ
> - ಕೆಲ ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ

ಸೀಳಿನೊಳಗೆ

ಬಂಡೆಯ ಹತ್ತಿರ ಬಂದ ಮೇಲೆ ಅವಸರ ಬೇಡ. ಮೊದಲು ಮೋಹಿನಿ ಶಿಖರದ ಎದುರು ನಿಂತು ಅದರ ಮೈ ನೋಡಿ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳಿವೆ. ಮಳೆನೀರು ಹರಿದ ಗುರುತು ಅವು. ಎರಡು ಗೀರುಗಳ ನಡುವೆ ಉಳಿದ ಏಣು ಕತ್ತಿಯ ಬಾಯಿಯಷ್ಟು ತೆಳು. ನೀರು ಕರಗಿಸುತ್ತ ಇಳಿದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭೈರವೇಶ್ವರನ ಗುಹೆಯಲ್ಲಿ ದರ್ಶನ ಮುಗಿಸಿ ಬಂಡೆಯ ಸೀಳಿನೊಳಗೆ ಹೊಕ್ಕರೆ ಹೊರಗಿನ ಸೆಕೆ ಅಲ್ಲಿಗೇ ನಿಲ್ಲುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ಕಾಲಡಿಯಲ್ಲಿ ತಂಪು, ತಲೆಯ ಮೇಲೆ ಬಾನಿನ ಒಂದು ಪಟ್ಟಿ. ಅಂಗೈಯನ್ನು ಗೋಡೆಗೆ ಒತ್ತಿ ನೋಡಿ. ಕೆಲವೆಡೆ ನುಣುಪು, ಕೆಲವೆಡೆ ಗರಗಸದ ಹಲ್ಲಿನಂತೆ ಒರಟು. ನೀರು ಸದಾ ಜಿನುಗುವಲ್ಲಿ ಪಾಚಿ ಕಟ್ಟಿರುತ್ತದೆ, ಕಾಲು ನೋಡಿ ಇಡಬೇಕು.

ಹೊರಬಂದು ತಲೆಯೆತ್ತಿದರೆ ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನಿನ ತಟ್ಟಿಗಳು ಜೋತುಬಿದ್ದಿರುತ್ತವೆ. ಹೆಜ್ಜೇನು ಗೂಡಿನೊಳಗೆ ಅಡಗುವ ಜೇನಲ್ಲ. ಬಯಲಿನಲ್ಲಿ ಒಂದೇ ಒಂದು ದೊಡ್ಡ ತಟ್ಟಿ ಕಟ್ಟಿ, ಹುಳುಗಳೇ ಅದರ ಮೇಲೆ ಹೊದಿಕೆಯಾಗಿ ಕೂರುತ್ತವೆ. ಕಣಜ ಹತ್ತಿರ ಸುಳಿದರೆ ಸಾವಿರಾರು ಹುಳುಗಳು ಒಂದರ ಹಿಂದೊಂದು ಹೊಟ್ಟೆಯೆತ್ತಿ ಇಳಿಸುತ್ತವೆ. ತಟ್ಟಿಯ ಮೈಮೇಲೆ ಅಲೆ ಓಡಿದಂತೆ ಕಾಣುತ್ತದೆ. ಬೈನಾಕ್ಯುಲರ್ ಒಂದಿದ್ದರೆ ಮಕ್ಕಳು ಇದನ್ನು ನೋಡುತ್ತ ಊಟವನ್ನೇ ಮರೆಯುತ್ತಾರೆ.

ನೋಟಕ್ಕೆ ಚೆಂದವಾದ ಈ ಹುಳುಗಳು ಎದ್ದರೆ ಪ್ರಾಣಕ್ಕೇ ಅಪಾಯ. ಕಲ್ಲು ಎಸೆಯುವುದು, ಕೇಕೆ ಹಾಕುವುದು, ಬೆಂಕಿ–ಹೊಗೆ ಮಾಡುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ಘಾಟು ಸೆಂಟು ಹಾಕಿಕೊಂಡು ಹೋಗಬೇಡಿ. ಬಂಡೆಯನ್ನು ಹತ್ತುವ ಸಾಹಸವೂ ಸಲ್ಲದು. ಹೊರಡುವ ಮುನ್ನ ಬಸ್ಸಿನಲ್ಲೇ ಈ ಮಾತನ್ನು ಮಕ್ಕಳಿಗೆ ಎರಡು ಸಲ ಹೇಳಿ.

> ಎರಡು ದಿನದ ಯೋಜನೆ
>
> ಮೊದಲ ದಿನ: ಬೆಳಿಗ್ಗೆ 6ಕ್ಕೆ ಹಿರೇಕೆರೂರು ಬಿಡುವುದು. ಬನವಾಸಿಯ ಮಧುಕೇಶ್ವರ ದೇವಾಲಯ. ಮಧ್ಯಾಹ್ನ ಶಿರಸಿ, ಮಾರಿಕಾಂಬೆಯ ದರ್ಶನ. ಸಂಜೆ ಶಾಲ್ಮಲಾ ನದಿಯ ಸಹಸ್ರಲಿಂಗ. ರಾತ್ರಿ ಶಿರಸಿಯಲ್ಲಿ ವಸತಿ.
>
> ಎರಡನೆಯ ದಿನ: 6.30ಕ್ಕೆ ಶಿರಸಿಯಿಂದ ಹೊರಟು 8ರ ಸುಮಾರಿಗೆ ಯಾಣ. ಮಧ್ಯಾಹ್ನ 1ರವರೆಗೆ ಅಲ್ಲೇ. ಬುತ್ತಿ ಉಂಡು, ಹೊತ್ತಿದ್ದರೆ ಹತ್ತಿರದ ವಿಭೂತಿ ಜಲಪಾತ. ಹಾನಗಲ್ಲಿನ ಮೇಲೆ ಮರಳಿ ರಾತ್ರಿ 8ಕ್ಕೆ ಮನೆ.

> ಯಾಣದ ಬಂಧುಗಳು
>
> ನೀರು ಸುಣ್ಣಶಿಲೆಯನ್ನು ಕೊರೆದು ಮಾಡಿದ ಕಲ್ಲಿನ ಕಾಡುಗಳು ಜಗತ್ತಿನ ಹಲವೆಡೆ ಇವೆ. ಚೀನಾದ ಯುನ್ನಾನ್ ಪ್ರಾಂತ್ಯದ ಶಿಲಿನ್ 2007ರಲ್ಲಿ, ಮಡಗಾಸ್ಕರಿನ ಚೂಪು ಕೋಡುಗಳ ತ್ಸಿಂಗಿ ಡಿ ಬೆಮರಾಹ 1990ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೆರೆಯ ಆಂಧ್ರದ ಬೇಲಂ ಗುಹೆಗಳನ್ನು ಕೊರೆದದ್ದೂ ನೀರೇ. ಶಿಲಿನ್ ಬಂಡೆಯ ವಯಸ್ಸು ಸುಮಾರು 27 ಕೋಟಿ ವರ್ಷ. ಧಾರವಾಡ ಶಿಲೆಗಳ ಮುಂದೆ ಅದು ತೀರ ಎಳೆಯದು.

ಮಾಸ್ತರರಿಗೆ, ಅಕ್ಕೋರಿಗೆ ಒಂದು ಮನವಿ

ಪ್ರವಾಸಕ್ಕೆ ಒಂದು ವಾರ ಮೊದಲು ತರಗತಿಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿ. ಗಾಜಿನ ಲೋಟದಲ್ಲಿ ನಿಂಬೆರಸ ಹಾಕಿ, ಒಂದು ಮೊಟ್ಟೆಯ ಸಿಪ್ಪೆ ಮುಳುಗಿಸಿ. ಸಿಪ್ಪೆಯ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಮರುದಿನ ಮುಟ್ಟಿದರೆ ಸಿಪ್ಪೆ ಮೆತ್ತಗಾಗಿರುತ್ತದೆ. ಸಿಪ್ಪೆಯಲ್ಲಿರುವುದೂ ಸುಣ್ಣವೇ, ಯಾಣದ ಬಂಡೆಯಲ್ಲಿರುವುದೂ ಸುಣ್ಣವೇ ಎಂದು ಹೇಳಿ. ಲೋಟದಲ್ಲಿ ಒಂದು ರಾತ್ರಿಗೆ ಆಗುವ ಕೆಲಸವನ್ನು ಕಾಡಿನಲ್ಲಿ ಮಳೆ ಲಕ್ಷಾಂತರ ವರ್ಷ ಮಾಡಿದೆ ಎಂದು ಗೊತ್ತಾದ ಮಗು, ಬಂಡೆಯ ಎದುರು ನಿಂತಾಗ ಫೋಟೊಕ್ಕೆ ಮುಖ ಕೊಡುವ ಮೊದಲು ಅದರ ಗೀರುಗಳನ್ನು ಹುಡುಕುತ್ತದೆ.

ಈ ಪ್ರಯೋಗವನ್ನು ಯಾಣದ ಬಂಡೆಯ ಮೇಲೆ ಯಾರೂ ಮಾಡಬಾರದು. ಕಲ್ಲಿನ ಚೂರು ಒಡೆದು ತರುವುದು, ಹೆಸರು ಕೆತ್ತುವುದು, ಬಾಟಲಿ ಎಸೆದು ಬರುವುದೂ ಅಷ್ಟೇ ತಪ್ಪು. ಚಂಡಿ ಹೊಳೆಗೆ ಬಿದ್ದ ಪ್ಲಾಸ್ಟಿಕ್ಕು ಅಘನಾಶಿನಿಗೆ ಹೋಗುತ್ತದೆ. ಅಲ್ಲಿ ಅಳಿವೆಯ ಚಿಪ್ಪಿ, ಮೀನು, ಸೀಗಡಿಯನ್ನೇ ನಂಬಿ ಬದುಕುವ ಸಾವಿರಾರು ಕುಟುಂಬಗಳಿವೆ. ನಮ್ಮ ಎರಡು ಗಂಟೆಯ ಸಂತೋಷ ಅವರ ಬಲೆಗೆ ಕಸವಾಗಿ ಬೀಳಬಾರದು.

ಎರಡು ದಿನದ ಪ್ರವಾಸಕ್ಕೆ ಖರ್ಚು ಹೆಚ್ಚು, ನಿಜ. ಐದು ಊರಿನ ಬದಲು ಎರಡೋ ಮೂರೋ ಊರು ಇಟ್ಟುಕೊಂಡರೆ ಡೀಸೆಲ್ಲಿನಲ್ಲಿ ಒಂದಿಷ್ಟು ಉಳಿಯುತ್ತದೆ. ಅದು ವಸತಿಗೆ ಸಾಲದಿದ್ದರೆ ಒಂದೇ ದಿನದಲ್ಲಿ ಯಾಣ ಒಂದನ್ನೇ ಇಟ್ಟುಕೊಳ್ಳಿ. ನಸುಕಿನ ನಾಲ್ಕಕ್ಕೆ ಹೊರಟರೂ ಎಂಟಕ್ಕೆ ಬಂಡೆಯ ಬುಡದಲ್ಲಿರುತ್ತೀರಿ, ಐದು ತಾಸು ಇದ್ದು ಸಂಜೆ ಹೊತ್ತು ಮುಳುಗುವುದರೊಳಗೆ ಊರು ಸೇರುತ್ತೀರಿ. ಗೋಕರ್ಣ, ಮುರುಡೇಶ್ವರ ಮುಂದಿನ ವರ್ಷಕ್ಕಿರಲಿ.

ನಮ್ಮ ಮಕ್ಕಳು ಪುಸ್ತಕದಲ್ಲಿ ಶಿಲೆಗಳ ಪಾಠ ಓದುತ್ತಾರೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಆ ಪಾಠವನ್ನು ಮುಟ್ಟಿ ನೋಡಬಹುದಾದ ಜಾಗ ನಾಲ್ಕು ತಾಸಿನ ದಾರಿಯಲ್ಲಿದೆ. ಈ ವಾರ ಪ್ರವಾಸದ ಪಟ್ಟಿ ಬರೆಯಲು ಕೂರುವ ಪ್ರತಿಯೊಬ್ಬ ಶಿಕ್ಷಕರೂ ಯಾಣದ ಎದುರಿನ ಹೊತ್ತಿನ ಅಂಕಣದಲ್ಲಿ ಮುಕ್ಕಾಲು ಗಂಟೆಯನ್ನು ಹೊಡೆದು, ಐದು ಗಂಟೆ ಎಂದು ಬರೆಯಲಿ.